ಊರಿನ ಎಂಬಿಬಿಎಸ್ ಮಕ್ಕಳಿಗೆ ಕಿಡ್ನಿ ದಾನದ ಬಗ್ಗೆ ಎಷ್ಟು ಗೊತ್ತು? ಈ ಐದು ಪ್ರಶ್ನೆ ಕೇಳಿ ನೋಡಿ

ಹಾನಗಲ್/ಶಿಗ್ಗಾವಿ/ಸವಣೂರು/ಹಿರೇಕೆರೂರು: ನಮ್ಮ ಕಡೆ ಯಾರನ್ನಾದರೂ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಸೇರಿಸಿದರೆ ಮೊದಲ ಫೋನ್ ಯಾರಿಗೆ ಹೋಗ್ತದೆ? ಊರಿನಲ್ಲಿ ಎಂಬಿಬಿಎಸ್ ಓದುವ ಹುಡುಗನಿಗೆ ಅಥವಾ ಹುಡುಗಿಗೆ. ‘ತಮ್ಮಾ, ಇಲ್ಲಿ ಡಾಕ್ಟ್ರು ಹಿಂಗ ಹೇಳಾಕತ್ತಾರ, ಏನ್ ಮಾಡೂಣು ಹೇಳು’ ಅಂತ ಕೇಳ್ತಾರೆ. ಆ ಹುಡುಗ ಇನ್ನೂ ಎರಡನೇ ವರ್ಷದಲ್ಲಿರಬಹುದು, ಒಬ್ಬ ರೋಗಿಗೂ ಸ್ವಂತವಾಗಿ ಔಷಧಿ ಬರೆದಿರಲಿಕ್ಕಿಲ್ಲ. ಆದರೂ ಐಸಿಯು ಮುಂದೆ ನಿಂತ ಮನೆಯವರಿಗೆ ಅಪರಿಚಿತ ತಜ್ಞರ ಮಾತಿಗಿಂತ ‘ನಮ್ಮ ಹುಡುಗ’ನ ಮಾತೇ ಭಾರ.

ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತಡಸ ಮತ್ತು ಬಂಕಾಪುರದ ನಡುವೆ ರಾತ್ರಿ ಬೈಕ್ ಅಪಘಾತ. ಸವಣೂರಿನ ಇಪ್ಪತ್ತೈದರ ಯುವಕನ ತಲೆಗೆ ಪೆಟ್ಟು. ಶಿಗ್ಗಾವಿಯಿಂದ ಹುಬ್ಬಳ್ಳಿಗೆ ಕರೆದೊಯ್ದರು, ವೆಂಟಿಲೇಟರ್ ಹಾಕಿದರು. ಎರಡನೇ ದಿನ ವೈದ್ಯರು ಅಪ್ಪನನ್ನು ಪಕ್ಕಕ್ಕೆ ಕರೆದು ‘ಮಿದುಳು ನಿಷ್ಕ್ರಿಯವಾಗಿದೆ, ಇನ್ನು ಬದುಕೋದಿಲ್ಲ’ ಅಂದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದು, ‘ಅಂಗಾಂಗ ದಾನದ ಬಗ್ಗೆ ಯೋಚನೆ ಮಾಡ್ತೀರಾ?’ ಎಂದು ಮೆಲ್ಲಗೆ ಕೇಳಿದರು. ಅಪ್ಪನಿಗೆ ಕಾಣ್ತಿರೋದು ಏನು? ಮಗನ ಎದೆ ಏಳ್ತಾ ಇಳೀತಾ ಇದೆ. ಮೈ ಬೆಚ್ಚಗಿದೆ. ಮಾನಿಟರ್‌ನಲ್ಲಿ ಹೃದಯದ ಗೆರೆ ಓಡ್ತಿದೆ. ‘ಇನ್ನೂ ಉಸಿರಾಡಾಕತ್ತಾನ, ಹೆಂಗ ಸತ್ತಾನ ಅಂತೀರಿ?’ ಅನ್ನೋದು ಅವರ ಪ್ರಶ್ನೆ.

ಅವರು ಊರಿನ ಹುಡುಗನಿಗೆ ಫೋನ್ ಮಾಡ್ತಾರೆ. ಅವನು ಏನು ಹೇಳ್ತಾನೆ?

‘ಕೋಮಾ ಇರಬೇಕು ಮಾಮಾ, ಒಂದೆರಡು ವಾರ ನೋಡ್ರಿ’ ಅಂದರೆ ಅಲ್ಲಿಗೆ ಮುಗೀತು. ಮಗ ಹೇಗೂ ಉಳಿಯೋದಿಲ್ಲ. ಅವನ ಎರಡು ಕಿಡ್ನಿ, ಲಿವರ್, ಹೃದಯದಿಂದ ಬದುಕಬಹುದಾಗಿದ್ದವರೂ ಉಳಿಯೋದಿಲ್ಲ. ಅದೇ ಹುಡುಗ, ‘ಮಾಮಾ, ಕೋಮಾ ಬೇರೆ, ಇದು ಬೇರೆ. ನಾಲ್ಕು ಮಂದಿ ಡಾಕ್ಟ್ರು ಎರಡು ಸಲ ಪರೀಕ್ಷೆ ಮಾಡ್ಯಾರೇನು ಕೇಳ್ರಿ. ಮಾಡಿದ್ರ ಅದು ಖಚಿತ’ ಅಂದರೆ, ದಾನ ಕೊಡಲಿ ಬಿಡಲಿ, ಆ ಅಪ್ಪ ಕನಿಷ್ಠ ವಿಷಯ ತಿಳಿದು ತೀರ್ಮಾನ ತಗೊಳ್ತಾನೆ.

ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಿಡ್ನಿ ದಾನದ ಬಗ್ಗೆ ಏನು ಗೊತ್ತು, ಅವರ ಮನಸ್ಸಿನಲ್ಲಿ ಏನಿದೆ ಅನ್ನೋದು ಕಾಲೇಜಿನ ಒಳಗಿನ ವಿಷಯ ಅಲ್ಲ. ಅದು ನಮ್ಮ ನಾಲ್ಕೂ ತಾಲ್ಲೂಕಿನ ಮನೆಗಳ ವಿಷಯ.

ಈಗ ಯಾಕೆ ಈ ಮಾತು?

ಮೊದಲೆಲ್ಲ ನಮ್ಮ ಜಿಲ್ಲೆಯ ಮಕ್ಕಳು ಡಾಕ್ಟರ್ ಓದಲು ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಗೆ ಹೋಗಬೇಕಿತ್ತು. 2022–23ರಲ್ಲಿ ಹಾವೇರಿಯಲ್ಲೇ ಸರಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು. ನೆಲೋಗಲ್ ಬಳಿಯ ಈ ಕಾಲೇಜಿನಲ್ಲಿ ವರ್ಷಕ್ಕೆ 150 ಸೀಟು. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಲೆಕ್ಕ ಹಾಕಿದರೆ ಮೊದಲ ಬ್ಯಾಚ್ ಡಾಕ್ಟರಾಗಿ ಹೊರಬರುವುದು 2028ರ ಹೊತ್ತಿಗೆ. ಮುಂದೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಬಸ್ ಸ್ಟ್ಯಾಂಡ್ ಎದುರಿನ ಕ್ಲಿನಿಕ್‌ಗಳಲ್ಲಿ ಕೂರುವವರಲ್ಲಿ ಈ ಮಕ್ಕಳೂ ಇರುತ್ತಾರೆ.

ಇನ್ನೊಂದು ಕಡೆ ಕಿಡ್ನಿ ರೋಗಿಗಳ ಪಾಡು ನೋಡಿ. ಸಕ್ಕರೆ ಕಾಯಿಲೆ ಮತ್ತು ಬಿಪಿ, ಕಿಡ್ನಿ ಕೆಡುವುದಕ್ಕೆ ಇವೆರಡೇ ದೊಡ್ಡ ಕಾರಣ. ಹೊಲದ ಕೆಲಸ ಮಾಡಿ ಮೈಕೈ ನೋವು ಅಂತ ಚೀಟಿ ಇಲ್ಲದೆ ದಿನಾ ನುಂಗುವ ನೋವಿನ ಗುಳಿಗೆಯೂ ಕಿಡ್ನಿಗೆ ಪೆಟ್ಟು ಕೊಡ್ತದೆ. ಕಿಡ್ನಿ ಪೂರ್ತಿ ಕೈಕೊಟ್ಟರೆ ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಬಡವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಅದು ದೊಡ್ಡ ಉಪಕಾರ. ಆದರೆ ಡಯಾಲಿಸಿಸ್ ರಕ್ತ ಶುದ್ಧ ಮಾಡ್ತದೆ ಹೊರತು ಕಿಡ್ನಿಯನ್ನು ವಾಪಸ್ ಕೊಡೋದಿಲ್ಲ. ಕೂಲಿಯವನಿಗೆ ವಾರದಲ್ಲಿ ಮೂರು ದಿನ ಕೂಲಿ ಹೋಯ್ತು. ಒಬ್ಬರೇ ನಡೆಸುವ ಕಿರಾಣಿ ಅಂಗಡಿಯಾದರೆ ಮೂರು ದಿನ ಶಟರ್ ಕೆಳಗೆ. ಜೊತೆಗೆ ಕರೆದುಕೊಂಡು ಹೋಗುವವರ ಕೆಲಸವೂ ಕೆಟ್ಟಿತು. ಇದರಿಂದ ಬಿಡುಗಡೆ ಬೇಕೆಂದರೆ ಕಿಡ್ನಿ ಕಸಿಯೇ ದಾರಿ. ಕಸಿಗೆ ಕಿಡ್ನಿ ಬೇಕು. ಅದನ್ನು ಮನುಷ್ಯರೇ ಕೊಡಬೇಕು.

ಮನಸ್ಸಿದೆ, ಮಾಹಿತಿ ಇಲ್ಲ

ದೇಶದ ಬೇರೆ ಬೇರೆ ವೈದ್ಯಕೀಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳನ್ನು ಕೇಳಿ ಮಾಡಿದ ಸಮೀಕ್ಷೆಗಳು ಸಾಕಷ್ಟಿವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಗಳ ಬಗ್ಗೆಯೂ 2010ರಲ್ಲಿ ಇಂಥ ಒಂದು ಅಧ್ಯಯನ ಪ್ರಕಟವಾಗಿತ್ತು. ಇಂಥ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ ಒಂದೇ. ಅಂಗಾಂಗ ದಾನ ಅಂದರೆ ಏನು ಅಂತ ಹೆಚ್ಚೂಕಡಿಮೆ ಎಲ್ಲರಿಗೂ ಗೊತ್ತು. ‘ಒಳ್ಳೆಯ ಕೆಲಸ’ ಅನ್ನುವವರು ಬಹಳ. ‘ಮಿದುಳು ನಿಷ್ಕ್ರಿಯ ಅಂತ ಯಾರು, ಹೇಗೆ ಖಚಿತ ಮಾಡ್ತಾರೆ? ಕಾನೂನು ಏನು ಹೇಳ್ತದೆ?’ ಎಂದು ಒಳಗೆ ಹೋದಂತೆ ಸರಿ ಉತ್ತರ ಕೊಡುವವರು ಕಡಿಮೆ ಆಗ್ತಾರೆ. ‘ನೀನು ಕಾರ್ಡ್ ಮಾಡಿಸಿದ್ದೀಯಾ?’ ಅಂತ ಕೇಳಿದರೆ ಕೈ ಎತ್ತುವವರು ಇನ್ನೂ ಕಡಿಮೆ.

ಸಾಮಾನ್ಯ ಜನರಲ್ಲೂ ಇದೇ ಕಥೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 193 ಜನರನ್ನು ಕೇಳಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 181 ಮಂದಿಗೆ ಅಂಗಾಂಗ ದಾನದ ವಿಷಯ ಗೊತ್ತಿತ್ತು. ಅದನ್ನು ಬೆಂಬಲಿಸಿದವರು 147. ಸತ್ತ ಮೇಲೆ ತಮ್ಮ ಅಂಗ ಕೊಡಲು ತಯಾರಿದ್ದವರು 120. ಮೇಲಿಂದ ಕೆಳಗೆ ಹೋಗ್ತಾ ಹೋಗ್ತಾ ಹೇಗೆ ಸೋರ್ತದೆ ನೋಡಿ. ಹಾಗೆ ತಯಾರಿದ್ದವರಲ್ಲೂ ಎಷ್ಟು ಮಂದಿ ಮನೆಯಲ್ಲಿ ಬಾಯಿಬಿಟ್ಟು ಹೇಳಿರುತ್ತಾರೆ? ಇಲ್ಲಿಯೇ ನಮ್ಮ ದೇಶ ಹಿಂದೆ ಬಿದ್ದಿರುವುದು.

2023ರಲ್ಲಿ ದೇಶದಲ್ಲಿ ಸುಮಾರು 13,400 ಕಿಡ್ನಿ ಕಸಿ ನಡೆದವು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಕಿಡ್ನಿ ಬಂದದ್ದು ಬದುಕಿರುವ ಸಂಬಂಧಿಕರಿಂದ. ಸಾವಿನ ನಂತರ ಅಂಗ ಕೊಟ್ಟವರು ಇಡೀ ದೇಶದಲ್ಲಿ ಆ ವರ್ಷ 1,099 ಮಂದಿ. ಅಂದರೆ ಹತ್ತು ಲಕ್ಷ ಜನರಲ್ಲಿ ಒಬ್ಬರೂ ಇಲ್ಲ. ಕರ್ನಾಟಕ ಆ ವರ್ಷ 178 ದಾನಿಗಳೊಂದಿಗೆ ಮುಂಚೂಣಿ ರಾಜ್ಯಗಳಲ್ಲಿ ಒಂದಾಗಿತ್ತು. ಹೆಮ್ಮೆಯ ವಿಷಯವೇ. ಆದರೆ ಆರು ಕೋಟಿಗೂ ಹೆಚ್ಚು ಜನ ಇರುವ ರಾಜ್ಯಕ್ಕೆ 178 ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಐದು ಪ್ರಶ್ನೆ, ಐದು ಉತ್ತರ

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಎಂಬಿಬಿಎಸ್, ನರ್ಸಿಂಗ್ ಅಥವಾ ಆಯುರ್ವೇದ ಓದುವ ಮಕ್ಕಳಿದ್ದರೆ ಹಬ್ಬಕ್ಕೆ ಬಂದಾಗ ಈ ಐದು ಪ್ರಶ್ನೆ ಕೇಳಿ ನೋಡಿ. ಸೋಲಿಸಲಿಕ್ಕೆ ಅಲ್ಲ. ಉತ್ತರ ನಿಮಗೂ ಗೊತ್ತಿರಲಿ ಅಂತ ಕೆಳಗೆ ಕೊಟ್ಟಿದ್ದೇವೆ.

1. ಕೋಮಾ ಮತ್ತು ಮಿದುಳು ನಿಷ್ಕ್ರಿಯ, ಎರಡಕ್ಕೂ ಏನು ವ್ಯತ್ಯಾಸ?

ಕೋಮಾದಲ್ಲಿ ಮಿದುಳಿಗೆ ಜೀವ ಇರ್ತದೆ, ಎಚ್ಚರ ಇರೋದಿಲ್ಲ. ಕೋಮಾದಿಂದ ಹೊರಬಂದವರಿದ್ದಾರೆ. ಮಿದುಳು ನಿಷ್ಕ್ರಿಯ ಅಂದರೆ ಮಿದುಳಿನ ಕಾಂಡವೇ ಸತ್ತಿರ್ತದೆ. ಉಸಿರಾಟ ನಡೆಸುವ ಕೇಂದ್ರ ಇರುವುದು ಅಲ್ಲೇ. ಅದು ಸತ್ತ ಮೇಲೆ ಮನುಷ್ಯ ತಾನಾಗಿ ಉಸಿರಾಡೋದಿಲ್ಲ, ವೆಂಟಿಲೇಟರ್ ಗಾಳಿ ತುಂಬ್ತಿರ್ತದೆ. ಹೃದಯಕ್ಕೆ ತನ್ನದೇ ಬಡಿತದ ಶಕ್ತಿ ಇರುವುದರಿಂದ ಆಮ್ಲಜನಕ ಸಿಗುವಷ್ಟು ಹೊತ್ತು ಬಡೀತದೆ. ಆಮೇಲೆ ಅದೂ ನಿಲ್ತದೆ. ಈ ಸ್ಥಿತಿಯಿಂದ ಯಾರೂ ವಾಪಸ್ ಬರೋದಿಲ್ಲ. ಕಾನೂನಿನ ಪ್ರಕಾರವೂ ಇದು ಸಾವೇ. ಎದೆ ಏಳುವುದು, ಮೈ ಬೆಚ್ಚಗಿರುವುದು ಯಂತ್ರದ ಆಟ. ಆದರೆ ಆ ಹೊತ್ತಿನಲ್ಲಿ ಕಿಡ್ನಿಗೆ ರಕ್ತ ಹರೀತಾ ಇರ್ತದೆ, ಆದ್ದರಿಂದಲೇ ಅದು ಇನ್ನೊಬ್ಬರಿಗೆ ಉಪಯೋಗಕ್ಕೆ ಬರ್ತದೆ.

2. ಒಬ್ಬ ಡಾಕ್ಟರ್ ‘ಮಿದುಳು ನಿಷ್ಕ್ರಿಯ’ ಅಂದರೆ ಸಾಕಾ?

ಸಾಲದು. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ಕು ವೈದ್ಯರ ತಂಡ ಖಚಿತ ಮಾಡಬೇಕು: ಆಸ್ಪತ್ರೆಯ ಮುಖ್ಯಸ್ಥ ವೈದ್ಯ, ಅಧಿಕೃತ ಪಟ್ಟಿಯಲ್ಲಿರುವ ಒಬ್ಬ ತಜ್ಞ, ನರರೋಗ ಅಥವಾ ನರಶಸ್ತ್ರ ತಜ್ಞ, ಚಿಕಿತ್ಸೆ ಕೊಡುತ್ತಿರುವ ವೈದ್ಯ. ನರ ತಜ್ಞರು ಸಿಗದಿದ್ದರೆ ಅರಿವಳಿಕೆ, ಐಸಿಯು, ಶಸ್ತ್ರಚಿಕಿತ್ಸೆ ಇಲ್ಲವೇ ಮೆಡಿಸಿನ್ ವೈದ್ಯರನ್ನು ನೇಮಿಸಲು ಅವಕಾಶ ಇದೆ. ಪರೀಕ್ಷೆ ಎರಡು ಸಲ, ನಡುವೆ ಕನಿಷ್ಠ 6 ತಾಸು ಅಂತರ. ಕಣ್ಣಿಗೆ ಬೆಳಕು ಬಿಟ್ಟಾಗ ಪಾಪೆ ಕುಗ್ಗುತ್ತದಾ, ವೆಂಟಿಲೇಟರ್ ಸ್ವಲ್ಪ ಹೊತ್ತು ಬಿಡಿಸಿದರೆ ತಾನಾಗಿ ಉಸಿರು ತಗೊಳ್ತಾರಾ ಅಂತ ನೋಡ್ತಾರೆ. ಮುಖ್ಯ ಮಾತು ಏನೆಂದರೆ, ಕಸಿ ಮಾಡುವ ತಂಡದವರು ಈ ನಾಲ್ವರಲ್ಲಿ ಇರುವಂತಿಲ್ಲ. ‘ಕಿಡ್ನಿಗಾಗಿ ಬೇಗ ಸತ್ತ ಅಂತ ಹೇಳಿಬಿಡ್ತಾರ’ ಅನ್ನುವ ಅಂಜಿಕೆಗೆ ಕಾನೂನು ಇಟ್ಟಿರುವ ಬೀಗ ಇದು. ಮನೆಯವರು ‘ಎರಡೂ ಪರೀಕ್ಷೆ ಆದವೇನ್ರಿ? ಯಾವಾಗ ಆದವು?’ ಅಂತ ಕೇಳಲು ಹಿಂಜರಿಯಬಾರದು.

3. ದಾನಕ್ಕೆ ಒಪ್ಪಿದರೆ ದೇಹ ಹೇಗೆ ಸಿಗ್ತದೆ? ಬಿಲ್ ಯಾರು ಕಟ್ತಾರೆ? ಪೊಲೀಸ್ ಕೇಸ್ ಇದ್ದರೆ?

ಅಂಗ ತೆಗೆಯುವುದು ಆಪರೇಷನ್ ಥಿಯೇಟರ್‌ನಲ್ಲಿ, ಬದುಕಿರುವವರಿಗೆ ಮಾಡುವಷ್ಟೇ ನಾಜೂಕಾಗಿ. ಹೊಲಿಗೆ ಹಾಕಿ ದೇಹವನ್ನು ಗೌರವದಿಂದ ಮನೆಯವರಿಗೆ ಕೊಡ್ತಾರೆ. ಮಣ್ಣು ಮಾಡುವುದಿರಲಿ, ದಹನ ಇರಲಿ, ಕ್ರಿಯಾವಿಧಿಗೆ ಅಡ್ಡಿ ಇಲ್ಲ. ಒಪ್ಪಿಗೆ ಕೊಟ್ಟ ನಂತರ ಅಂಗ ಕಾಪಾಡಲು, ತೆಗೆಯಲು ಆಗುವ ಖರ್ಚನ್ನು ದಾನಿಯ ಮನೆಯವರ ಮೇಲೆ ಹಾಕುವಂತಿಲ್ಲ. ಅದಕ್ಕೆ ಮುಂಚಿನ ಚಿಕಿತ್ಸೆಯ ಬಿಲ್ ಬೇರೆ ಲೆಕ್ಕ. ಇದನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ಅಪಘಾತದ ಪ್ರಕರಣವಾದರೆ ಪೊಲೀಸ್ ಪಂಚನಾಮೆ, ಮರಣೋತ್ತರ ಪರೀಕ್ಷೆ ತಪ್ಪೋದಿಲ್ಲ, ಆದರೆ ಅದರ ಜೊತೆ ಹೊಂದಿಸಿಕೊಂಡು ಅಂಗ ತೆಗೆಯಲು ಕಾನೂನಿನಲ್ಲಿ ಅವಕಾಶ ಇದೆ. ಒಂದು ಮಾತು ಮುಚ್ಚಿಡದೆ ಹೇಳಬೇಕು: ಇದೆಲ್ಲ ಮುಗಿಯಲು ಹಲವು ತಾಸು ಹಿಡೀತದೆ. ಊರಲ್ಲಿ ಮಂದಿ ಕಾಯ್ತಿರ್ತಾರೆ, ತಾಯಿ ಅಳ್ತಿರ್ತಾಳೆ. ‘ಎರಡು ತಾಸಿನಲ್ಲಿ ಆಗ್ತದೆ’ ಅಂತ ಸುಳ್ಳು ಸಮಾಧಾನ ಹೇಳಿದರೆ ಆಮೇಲೆ ಸಿಟ್ಟಿಗೆ ಕಾರಣ ಆಗ್ತದೆ.

4. ಆ ಕಿಡ್ನಿ ಯಾರಿಗೆ ಹೋಗ್ತದೆ? ದುಡ್ಡಿದ್ದವರಿಗಾ?

ಸಾವಿನ ನಂತರ ಕೊಟ್ಟ ಕಿಡ್ನಿ ಯಾರಿಗೆ ಅಂತ ದಾನಿಯ ಮನೆಯವರೂ ಹೇಳುವಂತಿಲ್ಲ, ಡಾಕ್ಟರ್ ತಮ್ಮ ಮನಸ್ಸಿಗೆ ಬಂದವರಿಗೆ ಕೊಡುವಂತಿಲ್ಲ. ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಎಂಬ ಸರಕಾರಿ ಸಂಸ್ಥೆ ರೋಗಿಗಳ ಕಾಯುವ ಪಟ್ಟಿ ಇಟ್ಟಿದೆ. ರಕ್ತದ ಗುಂಪು, ಎಷ್ಟು ಕಾಲದಿಂದ ಕಾಯುತ್ತಿದ್ದಾರೆ ಮುಂತಾದ ಅಂಶ ನೋಡಿ ಸರದಿ ಬರ್ತದೆ. ಪಟ್ಟಿಗೆ ಹೆಸರು ಸೇರಬೇಕೆಂದರೆ ಕಸಿಗೆ ಪರವಾನಗಿ ಇರುವ ಆಸ್ಪತ್ರೆಯ ಮೂಲಕ ನೋಂದಣಿ ಆಗಬೇಕು. ನಮ್ಮ ಭಾಗದಲ್ಲಿ ಬೆಳಗಾವಿಯ ಕೆಎಲ್‌ಇ, ಧಾರವಾಡದ ಎಸ್‌ಡಿಎಂ ಆಸ್ಪತ್ರೆಗಳಲ್ಲಿ ಕಿಡ್ನಿ ಕಸಿ ಆಗ್ತದೆ. 65 ದಾಟಿದವರು ನೋಂದಣಿ ಮಾಡುವಂತಿಲ್ಲ, ಬೇರೆ ರಾಜ್ಯದವರು ಮಾಡುವಂತಿಲ್ಲ ಎಂಬ ಹಳೆಯ ಅಡ್ಡಿಗಳನ್ನು ಕೇಂದ್ರ ಸರಕಾರ 2023ರಲ್ಲಿ ತೆಗೆಯಿತು. ಬಿಪಿಎಲ್ ಕುಟುಂಬಕ್ಕೆ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನೆರವಿನ ಯೋಜನೆಯೂ ಇದೆ. ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿದರೆ ಕಾಗದಪತ್ರ ಏನು ಬೇಕು ಅಂತ ಹೇಳ್ತಾರೆ.

5. ನೀನು ಪ್ರತಿಜ್ಞೆ ಮಾಡಿದ್ದೀಯಾ? ಮನೆಯಲ್ಲಿ ಹೇಳಿದ್ದೀಯಾ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. 2023ರ ಸೆಪ್ಟೆಂಬರ್‌ನಿಂದ ಆಧಾರ್ ಜೋಡಿಸಿ ಮೊಬೈಲ್‌ನಲ್ಲೇ ದಾನದ ಪ್ರತಿಜ್ಞೆ ನೋಂದಾಯಿಸಬಹುದು. ಐದು ನಿಮಿಷದ ಕೆಲಸ. ಆದರೆ ಕಾರ್ಡ್ ಜೇಬಿನಲ್ಲಿದ್ದರೂ ಆ ಹೊತ್ತಿನಲ್ಲಿ ಮನೆಯವರು ‘ಬೇಡ’ ಅಂದರೆ ಆಸ್ಪತ್ರೆ ಮುಂದುವರಿಯೋದಿಲ್ಲ. ಹಾಗಾಗಿ ಕಾರ್ಡಿಗಿಂತ ಅಪ್ಪ, ಅವ್ವ, ಹೆಂಡತಿಗೆ ಹೇಳಿದ ಒಂದು ಮಾತು ದೊಡ್ಡದು. ‘ಅವನೇ ಹೇಳಿದ್ದ’ ಅನ್ನೋದು ನೆನಪಿದ್ದರೆ ಆ ಗಳಿಗೆಯಲ್ಲಿ ತೀರ್ಮಾನದ ಭಾರ ಅರ್ಧ ಕಡಿಮೆ ಆಗ್ತದೆ.

ದೇಹದಾನ ಬೇರೆ, ಅಂಗದಾನ ಬೇರೆ

ನಮ್ಮ ಕಡೆ ಇನ್ನೊಂದು ಗೊಂದಲ ಇದೆ. ‘ನಮ್ಮ ಅಜ್ಜ ದೇಹದಾನ ಬರೆದಿಟ್ಟಾರ, ಕಿಡ್ನಿನೂ ಹೋಗ್ತದ’ ಅಂತ ಅಂದುಕೊಂಡವರಿದ್ದಾರೆ. ಹಾಗಲ್ಲ. ದೇಹದಾನ ಅಂದರೆ ಸತ್ತ ಮೇಲೆ ಪೂರ್ತಿ ದೇಹವನ್ನು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಕೊಡುವುದು, ಮಕ್ಕಳು ಕಲಿಯಲಿ ಅಂತ. ಮನೆಯಲ್ಲಿ ಸಹಜವಾಗಿ ತೀರಿಕೊಂಡವರ ಕಿಡ್ನಿ ಕಸಿಗೆ ಬರೋದಿಲ್ಲ, ಯಾಕೆಂದರೆ ಹೃದಯ ನಿಂತ ಕೂಡಲೇ ಕಿಡ್ನಿಗೆ ರಕ್ತ ನಿಲ್ತದೆ. ಅಂಥವರು ಕಣ್ಣು ಕೊಡಬಹುದು, 6 ತಾಸಿನೊಳಗೆ. ಕಿಡ್ನಿ ದಾನ ಆಗಬೇಕೆಂದರೆ ಸಾವು ಐಸಿಯುನಲ್ಲಿ, ವೆಂಟಿಲೇಟರ್ ಮೇಲೆ ಇದ್ದಾಗ ಖಚಿತ ಆಗಿರಬೇಕು. ಅಂಥ ಸಂದರ್ಭ ಬರುವುದೇ ಅಪರೂಪ. ಬಂದಾಗ ತಿಳಿಯದೆ ಕಳೆದುಕೊಂಡರೆ ಹೋಯಿತು.

ದೇಹದಾನದ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕದ ಒಬ್ಬ ವೈದ್ಯರು ಕಲಿಸಿದ ಪಾಠ ದೊಡ್ಡದು. ಬೈಲಹೊಂಗಲದ ಡಾ. ಮಹಾಂತೇಶ ರಾಮಣ್ಣವರ ಅವರ ತಂದೆಯೂ ವೈದ್ಯರು. ಅವರ ಇಚ್ಛೆಯಂತೆ ದೇಹವನ್ನು ಕಾಪಾಡಿ ಇಟ್ಟು, 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮುಂದೆ ಮಗನೇ ತಂದೆಯ ದೇಹವನ್ನು ಛೇದಿಸಿ ಪಾಠ ಮಾಡಿದರು. ಅದನ್ನು ಕೇಳಿ ಮೈ ಜುಂ ಅಂದವರು ಬಹಳ. ಇಂದು ವೈದ್ಯಕೀಯ ಕಾಲೇಜುಗಳಲ್ಲಿ ಮೊದಲ ವರ್ಷವೇ ‘ಈ ದೇಹ ನಮ್ಮ ಮೊದಲ ಗುರು’ ಎಂದು ಮಕ್ಕಳಿಗೆ ಹೇಳಿಕೊಡ್ತಾರೆ. ಆ ಗೌರವ ಅಂಗರಚನಾ ಹಾಲ್‌ನಲ್ಲೇ ಉಳಿಯದೆ ಐಸಿಯು ಬಾಗಿಲ ತನಕ ಬರಬೇಕು.

ಬದುಕಿದ್ದಾಗ ಕೊಡುವವರು ಹೆಚ್ಚಾಗಿ ಹೆಂಗಸರೇ

ಬದುಕಿದ್ದಾಗ ಒಂದು ಕಿಡ್ನಿ ಕೊಡಬಹುದು. ಕಾನೂನಿನ ಪ್ರಕಾರ ಹತ್ತಿರದ ಸಂಬಂಧಿಕರು ಅಂದರೆ ಗಂಡ-ಹೆಂಡತಿ, ತಂದೆ-ತಾಯಿ, ಮಕ್ಕಳು, ಅಣ್ಣ-ತಮ್ಮ, ಅಕ್ಕ-ತಂಗಿ, ಅಜ್ಜ-ಅಜ್ಜಿ, ಮೊಮ್ಮಕ್ಕಳು. ಇವರನ್ನು ಬಿಟ್ಟು ಬೇರೆಯವರು ಪ್ರೀತಿಯಿಂದ ಕೊಡಬೇಕೆಂದರೆ ಅಧಿಕೃತ ಸಮಿತಿಯ ಒಪ್ಪಿಗೆ ಬೇಕು. ರಕ್ತದ ಗುಂಪು ಹೊಂದದಿದ್ದರೆ ಎರಡು ಕುಟುಂಬಗಳು ಪರಸ್ಪರ ಅದಲು ಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ‘ಒಂದು ಕಿಡ್ನಿ ಕೊಟ್ಟರೆ ಮುಂದೆ ದುಡಿಯಲಿಕ್ಕೆ ಆಗೋದಿಲ್ಲ’ ಅನ್ನುವ ಮಾತು ಸರಿಯಲ್ಲ. ಸರಿಯಾಗಿ ತಪಾಸಣೆ ಮಾಡಿ ಆರಿಸಿದ ಆರೋಗ್ಯವಂತರು ಒಂದೇ ಕಿಡ್ನಿಯಲ್ಲಿ ಚೆನ್ನಾಗಿ ಬದುಕ್ತಾರೆ. ಹಾಗಂತ ಅಪಾಯವೇ ಇಲ್ಲ ಅನ್ನುವುದೂ ತಪ್ಪು. ಆಪರೇಷನ್‌ನಲ್ಲಿ ದಾನಿಯ ಜೀವಕ್ಕೆ ಅಪಾಯ ಸುಮಾರು ಹತ್ತು ಸಾವಿರಕ್ಕೆ ಮೂರರಷ್ಟು. ಮುಂದೆ ಜೀವನಪೂರ್ತಿ ವರ್ಷಕ್ಕೊಮ್ಮೆಯಾದರೂ ಬಿಪಿ, ಸಕ್ಕರೆ, ಮೂತ್ರ ಪರೀಕ್ಷೆ ಮಾಡಿಸಬೇಕು.

ಇಲ್ಲಿ ಒಂದು ಕಹಿ ಸತ್ಯ ಇದೆ. 2023ರಲ್ಲಿ ದೇಶದಲ್ಲಿ ಬದುಕಿದ್ದು ಅಂಗ ಕೊಟ್ಟವರಲ್ಲಿ 9,784 ಮಂದಿ ಮಹಿಳೆಯರು, 5,651 ಮಂದಿ ಪುರುಷರು. ಪಡೆದವರಲ್ಲಿ ಮಾತ್ರ ಗಂಡಸರೇ ಬಹಳ ಹೆಚ್ಚು. ‘ಅವನು ದುಡಿಯೋನು, ನೀನು ಮನಿಯಾಗ ಇರ್ತೀಯಲ್ಲ’ ಅಂತ ತಾಯಿಯನ್ನೋ ಹೆಂಡತಿಯನ್ನೋ ಮುಂದೆ ತಳ್ಳುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಹೆಂಡತಿಗೆ ಕಿಡ್ನಿ ಬೇಕಾದಾಗ ಗಂಡ, ಅಣ್ಣ-ತಮ್ಮಂದಿರು ಎಷ್ಟು ಮಂದಿ ಮುಂದೆ ಬರ್ತಾರೆ? ಊರಿನ ಯುವ ವೈದ್ಯ ಇಲ್ಲಿ ಸುಮ್ಮನೆ ಇರಬಾರದು. ದಾನ ಕೊಡುವ ಹೆಣ್ಣುಮಗಳನ್ನು ಒಬ್ಬಳೇ ಕೂರಿಸಿ, ‘ಅಕ್ಕಾ, ಇದು ನಿಮ್ಮ ಮನಸ್ಸಿನಿಂದ ಹೌದೋ? ಬೇಡ ಅಂದರೂ ಯಾರೂ ಏನೂ ಅನ್ನೋದಿಲ್ಲ’ ಅಂತ ಕೇಳುವವರು ಬೇಕು. ಒತ್ತಾಯಕ್ಕೆ ಕೊಟ್ಟರೆ ಅದಕ್ಕೆ ದಾನ ಅನ್ನಲಿಕ್ಕೆ ಬರೋದಿಲ್ಲ. ಸಾವಿನ ನಂತರದ ದಾನ ಹೆಚ್ಚಿದರೆ ಮನೆಯ ಹೆಂಗಸರ ಮೇಲಿನ ಈ ಭಾರವೂ ಇಳೀತದೆ.

ಸಾಲ, ಮೊಬೈಲ್ ಮೆಸೇಜ್, ಮೋಸ

2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ಸಾಲದ ಕಿರುಕುಳದ ವಿರುದ್ಧ ನಮ್ಮ ಜಿಲ್ಲೆಯ ಮಹಿಳೆಯರು ದನಿ ಎತ್ತಿದ್ದು ಎಲ್ಲರಿಗೂ ನೆನಪಿದೆ. ಆಮೇಲೆ ಸರಕಾರ ಸುಗ್ರೀವಾಜ್ಞೆ ತಂದಿತು. ಸಾಲದ ಕಂತು ಕಟ್ಟಲಾಗದೆ ಕಂಗೆಟ್ಟವರ ಮೊಬೈಲಿಗೆ ‘ಕಿಡ್ನಿ ಕೊಡಿ, ಕೋಟಿ ಪಡೆಯಿರಿ’ ಅಂತ ಮೆಸೇಜ್ ಬಂದರೆ ಆಸೆ ಹುಟ್ಟುವುದು ಸಹಜ. ‘ನೋಂದಣಿ ಫೀ’ ಅಂತ ಮೊದಲೇ ಹಣ ಹಾಕಿಸಿಕೊಂಡು ಮಾಯವಾಗುವುದು ಇಂಥವರ ದಂಧೆ. ದುಡ್ಡಿಗೆ ಕಿಡ್ನಿ ಕೊಡುವುದು, ಕೊಳ್ಳುವುದು, ನಡುವೆ ದಲ್ಲಾಳಿ ಕೆಲಸ ಮಾಡುವುದು ಎಲ್ಲವೂ ಅಪರಾಧ. 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಬಡವರ ಕಿಡ್ನಿ ಮಾರಾಟದ ಜಾಲ ಬಯಲಾಗಿ ರಾಜ್ಯವೇ ತಲೆ ತಗ್ಗಿಸಿತ್ತು. ಈ ಕಠಿಣ ಕಾನೂನು ಬಂದದ್ದೇ ಅಂಥ ವ್ಯಾಪಾರ ನಿಲ್ಲಿಸಲಿಕ್ಕೆ. ಆ ಹಳೆಯ ಸುದ್ದಿಗಳ ನೆರಳು ಇವತ್ತಿಗೂ ಜನರ ಮನಸ್ಸಿನಲ್ಲಿದೆ. ‘ಆಸ್ಪತ್ರ್ಯಾಗ ಕಿಡ್ನಿ ಕದೀತಾರಂತ’ ಅನ್ನುವ ಕಟ್ಟೆ ಮಾತಿಗೆ ಬೇರು ಅಲ್ಲಿದೆ. ಅದನ್ನು ‘ಮೂಢನಂಬಿಕೆ’ ಅಂತ ಬೈದರೆ ಹೋಗೋದಿಲ್ಲ. ಕಾನೂನಿನಲ್ಲಿ ಏನೇನು ಬಿಗಿ ಇದೆ ಅಂತ ತಿಳಿಸಿ ಹೇಳಿದರೆ ಹೋಗ್ತದೆ.

ಧರ್ಮ ಅಡ್ಡ ಬರ್ತದಾ?

‘ಈ ಜನ್ಮದಾಗ ಕೊಟ್ರ ಮುಂದಿನ ಜನ್ಮದಾಗ ಕಿಡ್ನಿ ಇಲ್ದ ಹುಟ್ತಾನ’ ಅನ್ನುವವರು ಇದ್ದಾರೆ. ದಾನವನ್ನು ಪುಣ್ಯ ಅನ್ನುವ ಪರಂಪರೆ ನಮ್ಮದು. ಕನಕದಾಸರ ಬಾಡ, ಶರೀಫರ ಶಿಶುನಾಳ, ಸರ್ವಜ್ಞನ ಅಬಲೂರು ಎಲ್ಲ ನಮ್ಮ ಇದೇ ತಾಲ್ಲೂಕುಗಳಲ್ಲಿವೆ. ಮುಸ್ಲಿಂ ಸಮಾಜದಲ್ಲಿ ಧರ್ಮಗುರುಗಳ ನಡುವೆ ಎರಡೂ ಅಭಿಪ್ರಾಯ ಇವೆ. ಸೌದಿ ಅರೇಬಿಯಾದ ಹಿರಿಯ ಉಲಮಾಗಳು 1982ರಲ್ಲೇ ಅಂಗದಾನಕ್ಕೆ ಅನುಮತಿ ಕೊಟ್ಟರು, ನಮ್ಮ ದೇಶದಲ್ಲಿ ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪೋದಿಲ್ಲ. ಮಠದ ಸ್ವಾಮೀಜಿಗಳು, ಮಸೀದಿಯ ಹಿರಿಯರು ತಮ್ಮ ಮಾತು ಮುಂಚೆಯೇ ಹೇಳಿದರೆ ಐಸಿಯು ಮುಂದೆ ನಿಂತವರಿಗೆ ಆ ಗೊಂದಲ ಇರೋದಿಲ್ಲ. ಯಾರ ನಂಬಿಕೆಯನ್ನೂ ಹೀಯಾಳಿಸದೆ ಮಾತಾಡುವುದನ್ನು ವೈದ್ಯ ವಿದ್ಯಾರ್ಥಿ ಕಲಿಯಬೇಕು. ‘ಬೇಡ’ ಅನ್ನುವ ಹಕ್ಕೂ ಮನೆಯವರಿಗಿದೆ.

ಜನ ಬದಲಾಗೋದಿಲ್ಲ ಅನ್ನುವ ಮಾತನ್ನು ನಾವು ಒಪ್ಪೋದಿಲ್ಲ. 2006ರಲ್ಲಿ ಡಾ. ರಾಜಕುಮಾರ್, 2021ರಲ್ಲಿ ಪುನೀತ್ ರಾಜಕುಮಾರ್ ಕಣ್ಣು ಕೊಟ್ಟ ಮೇಲೆ ಹಳ್ಳಿಹಳ್ಳಿಯಲ್ಲಿ ನೇತ್ರದಾನದ ಮಾತು ಬಂತು. ಅದೇ 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಗಾಯಗೊಂಡು ಮಿದುಳು ನಿಷ್ಕ್ರಿಯವಾದಾಗ ಅವರ ಮನೆಯವರು ಕಿಡ್ನಿ ಸೇರಿ ಅಂಗಾಂಗ ದಾನ ಮಾಡಿದರು. ನಮ್ಮ ಹೆದ್ದಾರಿಯಲ್ಲಿ ಆಗುವಂಥದ್ದೇ ಅಪಘಾತ, ನಮ್ಮಂಥದ್ದೇ ಮನೆಯವರು.

ನಾಲ್ಕು ತಾಲ್ಲೂಕಿನಲ್ಲಿ ಏನು ಮಾಡಬಹುದು?

ಇದಕ್ಕೆ ಹೊಸ ಯೋಜನೆ, ಹೊಸ ಅನುದಾನ ಬೇಕಿಲ್ಲ. 2019ರಿಂದ ಜಾರಿಯಲ್ಲಿರುವ ಎಂಬಿಬಿಎಸ್ ಪಠ್ಯಕ್ರಮದಲ್ಲೇ ಅಂಗಾಂಗ ಕಸಿ ಕಾನೂನು ಇದೆ. ‘ರೋಗಿಯ ಸಂಬಂಧಿಕರ ಜೊತೆ ಅಂಗದಾನದ ಮಾತಾಡುವುದು ಹೇಗೆ’ ಎಂಬ ಅಭ್ಯಾಸವೂ ಇದೆ. ಅದು ಪರೀಕ್ಷೆಗೆ ಉರು ಹೊಡೆದು ಮರೆಯುವ ಪುಟ ಆಗಬಾರದು. ಅಭ್ಯಾಸ ಕನ್ನಡದಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಆಗಬೇಕು. ಇಂಗ್ಲಿಷಿನಲ್ಲಿ ಕಲಿತದ್ದನ್ನು ಹಾನಗಲ್ಲಿನ ರೈತನಿಗೆ ಹೇಳಲಿಕ್ಕೆ ಬಾರದಿದ್ದರೆ ಕಲಿತು ಏನು ಬಂತು?

ಎರಡನೆಯದು, 2022ರಿಂದ ಪ್ರತಿ ಎಂಬಿಬಿಎಸ್ ವಿದ್ಯಾರ್ಥಿ ಹಳ್ಳಿಯ ಕೆಲವು ಕುಟುಂಬಗಳನ್ನು ‘ದತ್ತು’ ತೆಗೆದುಕೊಂಡು ಅವರ ಆರೋಗ್ಯ ನೋಡಬೇಕೆಂಬ ನಿಯಮ ಇದೆ. ಆ ಮನೆಗಳಿಗೆ ಹೋದಾಗ ಮೊದಲು ಬಿಪಿ, ಸಕ್ಕರೆ ನೋಡಿ, ನೋವಿನ ಗುಳಿಗೆ ಬಗ್ಗೆ ಎಚ್ಚರಿಸಲಿ. ಪರಿಚಯ ಬೆಳೆದ ಮೇಲೆ ದಾನದ ಮಾತೂ ಬರಲಿ. ಕಿಡ್ನಿ ಕೆಡದಂತೆ ನೋಡಿಕೊಳ್ಳುವುದು ಎಲ್ಲ ಕಸಿಗಿಂತ ಅಗ್ಗ.

ಮೂರನೆಯದು ನಮ್ಮ ಕೈಯಲ್ಲೇ ಇದೆ. ವ್ಯಾಪಾರಸ್ಥರ ಸಂಘಗಳು, ಔಷಧಿ ಅಂಗಡಿಯವರು, ಗಣೇಶೋತ್ಸವ ಮಂಡಳಿಗಳು ರಕ್ತದಾನ ಶಿಬಿರ ಮಾಡ್ತಾವೆ. ಅದೇ ಶಾಮಿಯಾನದ ಕೆಳಗೆ ಅರ್ಧ ತಾಸು ಊರಿನ ವೈದ್ಯ ವಿದ್ಯಾರ್ಥಿಯಿಂದ ಈ ಐದು ಪ್ರಶ್ನೆಗೆ ಉತ್ತರ ಹೇಳಿಸಿ. ಪ್ರತಿ ವರ್ಷ ಆಗಸ್ಟ್ 3 ರಾಷ್ಟ್ರೀಯ ಅಂಗದಾನ ದಿನ, ಅಂದೇ ಇಟ್ಟುಕೊಂಡರೂ ಆಯಿತು. ಮಾಹಿತಿಗೆ ಕೇಂದ್ರ ಸರಕಾರದ ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಉಚಿತ ಸಹಾಯವಾಣಿ 1800114770 ಇದೆ.

ಉಳಿದದ್ದು ಮನೆಯ ಮಾತು. ಇವತ್ತು ರಾತ್ರಿ ಅಂಗಡಿ ಬಾಗಿಲು ಹಾಕಿ ಊಟಕ್ಕೆ ಕೂತಾಗ, ‘ನನಗೇನರ ಆದ್ರ ನನ್ನ ಕಿಡ್ನಿ, ಕಣ್ಣು ಬ್ಯಾರೆಯವ್ರಿಗೆ ಕೊಡ್ರಿ’ ಅಥವಾ ‘ನನಗ ಬ್ಯಾಡ’, ಯಾವುದಾದರೂ ಒಂದು ಹೇಳಿಬಿಡಿ. ‘ಊಟದ ಹೊತ್ನ್ಯಾಗ ಇದೆಂಥಾ ಮಾತು’ ಅಂತ ಮನೆಯಾಕೆ ಬೈಯಬಹುದು. ಬೈಯಲಿ. ಐಸಿಯು ಮುಂದೆ ನಿಂತು ಮೊದಲ ಸಲ ಈ ಮಾತು ಆಡುವುದಕ್ಕಿಂತ ಊಟದ ಮುಂದೆ ಬೈಸಿಕೊಳ್ಳುವುದು ಎಷ್ಟೋ ಸಲೀಸು.